ಕೈ ಜೋಮು ಹಿಡಿಯುವುದು: ಬೀಡಿಯಾ, ಮೊಬೈಲಾ, ಸಕ್ಕರೆ ಕಾಯಿಲೆಯಾ? ಯಾವುದರ ಪಾಲು ಎಷ್ಟು?

ಪಡುಬಿದ್ರೆ ಬದಿಯವಳು (ಪ್ರಶ್ನೆ)

ಬೀಡಿ ಬ್ರಾಂಚಿನ (ಕಟ್ಟಿದ ಬೀಡಿ ಒಪ್ಪಿಸುವ ಜಾಗ) ಗೋಡೆಗೆ, ಮೀನು ಮಾರ್ಕೆಟಿನ ಬಾಗಿಲಿಗೆ ಅಂಟಿಸಲಿಕ್ಕೆ ಒಂದು ಪುಟದ ಮಾಹಿತಿ ಹಾಳೆ ತಯಾರಾಗಬೇಕು. ವಿಷಯ ಕೈಯ ನರ: ಬೆರಳು ಜುಮ್ಮೆನ್ನುವುದು, ರಾತ್ರಿ ಕೈ ಮರಗಟ್ಟಿ ಎಚ್ಚರವಾಗುವುದು, ಹಿಡಿದ ಲೋಟ ಜಾರಿ ಬೀಳುವುದು. ಊರಿನಲ್ಲಿ ಇದಕ್ಕೆಲ್ಲ ಒಂದೇ ಹೆಸರು, "ವಾಯು". ಇಲ್ಲದಿದ್ದರೆ "ನರ ವೀಕ್". ಮದ್ದೂ ಒಂದೇ: ಎಣ್ಣೆ ತಿಕ್ಕುವುದು, ಮೆಡಿಕಲ್‌ನಿಂದ ಬಿ ಕಾಂಪ್ಲೆಕ್ಸ್ ತಂದು ನುಂಗುವುದು.

ದಿನನಿತ್ಯದ ಯಾವ ಅಭ್ಯಾಸ ಯಾವ ನರಕ್ಕೆ ಪೆಟ್ಟು ಕೊಡುತ್ತದೆ? ಮೊಬೈಲಿಗೂ ಕಂಪ್ಯೂಟರಿಗೂ ಹಾಕುವ ಅಪವಾದ ನಿಜವಾ? ಮುಖ್ಯವಾಗಿ, ಕೆಲಸ ಬಿಡದೆ ಎಂತ ಬದಲಿಸಬಹುದು? "ಬೀಡಿ ಬಿಡಿ" ಎಂದು ಬರೆದು ಅಂಟಿಸಿದರೆ ಯಾರೂ ಎರಡನೇ ಸಾಲು ಓದುವುದಿಲ್ಲ. ಬೀಡಿ ಕಟ್ಟುವುದು ಬಿಟ್ಟರೆ ಸಂಘದ ಸಾಲದ ಕಂತು ಕಟ್ಟುವುದು ಯಾರು?

---

ಮಣಿಕಟ್ಟು ಫಿಸಿಯೋ, ಮಣಿಪಾಲ

ಅಕ್ಕ, ಹಾಳೆಯ ಮೇಲ್ಗಡೆ ರೋಗದ ಹೆಸರು ಹಾಕಬೇಡಿ. ಒಂದು ಅಂಗೈಯ ಚಿತ್ರ ಹಾಕಿ. ಯಾವ ಬೆರಳು ಜೋಮು ಹಿಡಿಯುತ್ತದೆ ಎನ್ನುವುದರಲ್ಲೇ ಮುಕ್ಕಾಲು ಉತ್ತರ ಉಂಟು.

ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಹೆಬ್ಬೆರಳ ಕಡೆಯ ಅರ್ಧ: ಇದು ಮೀಡಿಯನ್ ನರ, ಒತ್ತಡ ಬೀಳುವುದು ಹೆಚ್ಚಾಗಿ ಮಣಿಕಟ್ಟಿನಲ್ಲಿ. ಕಿರುಬೆರಳು ಮತ್ತು ಉಂಗುರಬೆರಳಿನ ಉಳಿದರ್ಧ: ಅಲ್ನಾರ್ ನರ, ಹೆಚ್ಚಾಗಿ ಮೊಣಕೈಯಲ್ಲಿ. ಹೆಬ್ಬೆರಳಿನ ಬುಡದ ಹಿಂಬದಿ: ರೇಡಿಯಲ್ ನರ. ಐದೂ ಬೆರಳು, ಎರಡೂ ಕೈ, ಅದಕ್ಕಿಂತ ಮೊದಲೇ ಪಾದವೂ ಜುಮ್ಮೆನ್ನುತ್ತಿದ್ದರೆ ಅದು ಕೈಯ ಕೆಲಸದ ತೊಂದರೆಯಲ್ಲ, ರಕ್ತ ಪರೀಕ್ಷೆಯ ಕಡೆ ಹೋಗಬೇಕು.

ಉಂಗುರಬೆರಳು ಒಳ್ಳೆಯ ಸಾಕ್ಷಿ. ಹತ್ತಿಯ ಎಳೆಯಿಂದ ಅದರ ಎರಡು ಬದಿಯನ್ನೂ ಬೇರೆ ಬೇರೆಯಾಗಿ ಮುಟ್ಟಿ. ಒಂದು ಬದಿ ಸರಿಯಾಗಿ ಗೊತ್ತಾಗಿ ಇನ್ನೊಂದು ಬದಿ ಮಂಕಾಗಿದ್ದರೆ ತೊಂದರೆ ಕುತ್ತಿಗೆಯಲ್ಲಲ್ಲ, ಕೈಯಲ್ಲಿರುವ ಸಂಭವವೇ ಹೆಚ್ಚು.

ಈಗ ಮಣಿಕಟ್ಟಿಗೆ ಬರುವ. ಕೆಳಗೆ, ಅಕ್ಕಪಕ್ಕ ಎಲುಬು, ಮೇಲೆ ಬಿಗಿಯಾದ ದಪ್ಪ ಪಟ್ಟಿ. ಆ ಕಿಷ್ಕಿಂಧೆಯಲ್ಲಿ ಬೆರಳು ಮಡಚುವ 9 ಸ್ನಾಯುರಜ್ಜುಗಳ ಜೊತೆ ಈ ನರವೂ ನುಸುಳಬೇಕು. 1981ರಲ್ಲಿ ಇದರೊಳಗಿನ ಒತ್ತಡವನ್ನು ಅಳೆದು ನೋಡಿದ್ದಾರೆ. ಮಣಿಕಟ್ಟು ನೇರ ಇರುವಾಗ ತೊಂದರೆ ಇಲ್ಲದವರಲ್ಲಿ ಸರಾಸರಿ 2.5 ಮಿ.ಮೀ. ಪಾದರಸ, ತೊಂದರೆ ಇರುವವರಲ್ಲಿ 32. ಅವರೇ ಮಣಿಕಟ್ಟನ್ನು ಒಳಗೆ ಮಡಚಿದರೆ 94, ಹಿಂದಕ್ಕೆ ಬಾಗಿಸಿದರೆ 110. ಅಂದರೆ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರಬೇಕಾದ್ದು "ಕೆಲಸ ಕಮ್ಮಿ ಮಾಡಿ" ಅಲ್ಲ, "ಮಣಿಕಟ್ಟು ನೇರ ಇಡಿ". ಬಾಗಿದ ಮಣಿಕಟ್ಟು, ಜೊತೆಗೆ ಬಿಗಿ ಹಿಡಿತ, ಜೊತೆಗೆ ಅದೇ ಚಲನೆ ಗಂಟೆಗಟ್ಟಲೆ: ಈ ಮೂರೂ ಕೂಡಿದಾಗಲೇ ಅಪಾಯ. ಬರೀ ಒಂದರಿಂದ ಅಷ್ಟಿಲ್ಲ. ಟೈಪಿಂಗ್ ಎಂಬುದು ಹಗುರ ಬೆರಳಿನ ಕೆಲಸ, ಆದ್ದರಿಂದ ಕೀಬೋರ್ಡಿನ ಮೇಲೆ ಅಪವಾದ ಜಾಸ್ತಿ, ಪುರಾವೆ ಕಮ್ಮಿ. ಹೆರೆಮಣೆಯಲ್ಲಿ ದಿನಾ ಹತ್ತು ತೆಂಗಿನಕಾಯಿ ಹೆರೆಯುವ ಹೋಟೆಲ್ ಅಡುಗೆಯವರಿಗೆ, ಗೇರುಬೀಜ ಕಟ್ಟಿಂಗಿನವರಿಗೆ, ಅಡಿಕೆ ಸುಲಿಯುವವರಿಗೆ ಅಪಾಯ ಅದಕ್ಕಿಂತ ಎಷ್ಟೋ ಹೆಚ್ಚು.

ಬೀಡಿಯ ಕೆಲಸದಲ್ಲಿ ಒಂದೊಂದು ಹಂತದ ಪೆಟ್ಟು ಒಂದೊಂದು ಕಡೆಗೆ.

ಎಲೆ ಕತ್ತರಿಸುವಾಗ ಕತ್ತರಿಯ ಉಂಗುರ ಹೆಬ್ಬೆರಳಿನ ಬದಿಯ ಸಣ್ಣ ನರವನ್ನು ಒತ್ತುತ್ತದೆ. ಹೆಬ್ಬೆರಳಿನ ಒಂದು ಬದಿ ಮಾತ್ರ ಮರಗಟ್ಟಿದ್ದರೆ ದೋಷ ಮಣಿಕಟ್ಟಿನದ್ದಲ್ಲ, ಕತ್ತರಿಯದ್ದು. ದರ್ಜಿಗಳಿಗೂ ಇದು ಬರುತ್ತದೆ. ಉಂಗುರಕ್ಕೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನೋ ಬಟ್ಟೆಯನ್ನೋ ಎರಡು ಸುತ್ತು ಸುತ್ತಿ. ಕತ್ತರಿ ಮೊಂಡಾಗುವ ಮೊದಲೇ ಸಾಣೆ ಹಿಡಿಸಿ. ಎಲೆ ಸರಿಯಾಗಿ ನೆನೆಯದೆ ಗರಿಗರಿ ಇದ್ದರೆ ಕತ್ತರಿಸಲಿಕ್ಕೂ ಸುತ್ತಲಿಕ್ಕೂ ಬಲ ಜಾಸ್ತಿ ಬೇಕು. ಅವಸರದಲ್ಲಿ ಅರ್ಧ ನೆನೆದ ಎಲೆ ಹಿಡಿದು ಕೂತ ದಿನ ಕೈ ಹೆಚ್ಚು ನೋಯುವುದು ಅದಕ್ಕೇ.

ಸುತ್ತುವಾಗ ಮತ್ತು ತುದಿ ಮಡಚುವಾಗ ಹೆಬ್ಬೆರಳು-ತೋರುಬೆರಳ ಚಿಮಟಾ ಹಿಡಿತ, ಮಣಿಕಟ್ಟು ಒಳಮುಖ. ತಡ್ಪೆ (ಎಲೆ, ಹೊಗೆಸೊಪ್ಪು ಇಟ್ಟುಕೊಳ್ಳುವ ಮೊರ) ತೊಡೆಯ ಮೇಲೆ ತೀರಾ ಕೆಳಗಿದ್ದರೆ ಮಣಿಕಟ್ಟು ಇನ್ನೂ ಬಾಗುತ್ತದೆ, ಕುತ್ತಿಗೆಯೂ ಬಾಗುತ್ತದೆ. ತಡ್ಪೆಯ ಕೆಳಗೆ ಗಟ್ಟಿ ದಿಂಬು ಇಟ್ಟು ನಾಲ್ಕು ಬೆರಳಿನಷ್ಟು ಎತ್ತರಿಸಿ, ಬೆನ್ನು ಗೋಡೆಗೆ ಒರಗಿಸಿ ಕೂತರೆ ಎರಡೂ ಸರಿಯಾಗುತ್ತವೆ.

ವಿರಾಮದ ಲೆಕ್ಕ ಗಡಿಯಾರದಲ್ಲಿ ಬೇಡ, ಯಾರೂ ಪಾಲಿಸುವುದಿಲ್ಲ. ಕಟ್ಟಿನಲ್ಲಿ ಇಡಿ. 25ರ ಕಟ್ಟು ಎರಡು ಮುಗಿದ ಕೂಡಲೇ 30 ಸೆಕೆಂಡು ಕೈ ಕೆಳಗಿಟ್ಟು, ಬೆರಳು ಪೂರ್ತಿ ಬಿಡಿಸಿ, ಮಣಿಕಟ್ಟು ನೇರ ಮಾಡಿ, ಭುಜ ಎರಡು ಸಲ ತಿರುಗಿಸುವುದು. ಸಾವಿರ ಬೀಡಿಗೆ 20 ವಿರಾಮ, ಒಟ್ಟು 10 ನಿಮಿಷ. ಅಷ್ಟರಲ್ಲಿ ಸಾವಿರದ ಲೆಕ್ಕ ತಪ್ಪುವುದಿಲ್ಲ.

ರಾತ್ರಿ ಎಚ್ಚರವಾಗುವುದು ಯಾಕೆಂದರೆ ನಿದ್ದೆಯಲ್ಲಿ ಮಣಿಕಟ್ಟು ಮಡಚಿ ಕೆನ್ನೆಯಡಿ ಇಟ್ಟುಕೊಳ್ಳುತ್ತಾರೆ. ಕೈ ಕೊಡವಿದರೆ ಸರಿಹೋಗುತ್ತದೆ ಎಂದರೆ ಅದು ಮೀಡಿಯನ್ ನರದ್ದೇ ಗುರುತು. ಇದಕ್ಕೆ ಮಣಿಕಟ್ಟಿನ ಸ್ಪ್ಲಿಂಟ್ (ಮಣಿಕಟ್ಟು ಬಾಗದಂತೆ ಹಿಡಿಯುವ ತಗಡಿನ ಪಟ್ಟಿ), ಮಲಗುವಾಗ, ಕನಿಷ್ಠ 6 ವಾರ. ಇಲ್ಲೊಂದು ತಪ್ಪು ಆಗುವುದುಂಟು. ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ಪ್ಲಿಂಟುಗಳ ಒಳಗಿನ ತಗಡು ಮೊದಲೇ 20-30 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ. ಹಾಗೆಯೇ ಕಟ್ಟಿದರೆ ಒತ್ತಡ ಇಳಿಯುವ ಬದಲು ಏರುತ್ತದೆ. ತಗಡನ್ನು ಹೊರಗೆಳೆದು, ಮೇಜಿನ ಅಂಚಿಗೆ ಒತ್ತಿ ನೇರ ಮಾಡಿ, ಮತ್ತೆ ಒಳಗೆ ಸೇರಿಸಿ. ಬೆರಳುಗಳು ಬುಡದಿಂದ ಪೂರ್ತಿ ಮಡಚುವಂತಿರಬೇಕು, ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ತೂರಬೇಕು.

---

ನರ ಪರೀಕ್ಷೆ ಟೆಕ್ನೀಷಿಯನ್, ಮಂಗಳೂರು

ಮಣಿಕಟ್ಟಿನ ಬಗ್ಗೆ ಮೇಲೆ ಬಂತು. ಕಿರುಬೆರಳಿನದ್ದು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಆದರೆ ತಡ ಮಾಡಿದರೆ ವಾಪಸು ಬಾರದ ನಷ್ಟ ಹೆಚ್ಚು ಅಲ್ಲೇ.

ಮೊಣಕೈಯ ಒಳಬದಿಯ ಎಲುಬು ಬಾಗಿಲಿಗೆ ತಾಗಿದಾಗ ಕರೆಂಟು ಹೊಡೆದ ಹಾಗೆ ಆಗುತ್ತದಲ್ಲ, ಅದು ಅಲ್ನಾರ್ ನರ. ಆ ಜಾಗದಲ್ಲಿ ಅದು ಚರ್ಮದ ಕೆಳಗೇ ಉಂಟು, ಮಾಂಸದ ರಕ್ಷಣೆ ಇಲ್ಲ. ಮೊಣಕೈ ಪೂರ್ತಿ ಮಡಚಿದರೆ ನರ ಹಾದುಹೋಗುವ ಸಂದು ಸುಮಾರು ಅರ್ಧಕ್ಕೆ ಕುಗ್ಗುತ್ತದೆ, ನರ ಕೆಲವು ಮಿಲಿಮೀಟರ್ ಎಳೆಯಲ್ಪಡುತ್ತದೆ. ಎರಡೂ ಒಟ್ಟಿಗೆ. ಆದ್ದರಿಂದ ಇಲ್ಲಿ ಮೊಬೈಲಿನ ಮೇಲಿನ ಆರೋಪ ಸರಿಯೇ. ಬೆರಳಾಡಿಸುವುದಕ್ಕಲ್ಲ, ಕಿವಿಗೆ ಹಿಡಿದು ಮುಕ್ಕಾಲು ಗಂಟೆ ಮಾತಾಡುವುದಕ್ಕೆ, ಒಂದು ಬದಿಗೆ ಮಲಗಿ ಮೊಣಕೈ ಮಡಚಿ ರೀಲ್ಸ್ ನೋಡುವುದಕ್ಕೆ. ಕಿವಿಗೆ ಇಯರ್‌ಫೋನು ಹಾಕಿ, ಇಲ್ಲದಿದ್ದರೆ ಐದು ನಿಮಿಷಕ್ಕೊಮ್ಮೆ ಕೈ ಬದಲಿಸಿ.

ಉಳಿದ ಅಭ್ಯಾಸಗಳು: ಬಸ್ಸಿನ ಕಿಟಕಿಯ ಕಬ್ಬಿಣದ ಅಂಚಿಗೆ ಮೊಣಕೈ ಊರುವುದು, ಅಂಗಡಿ ಗಲ್ಲಾದ ಮೇಜಿಗೆ ಊರುವುದು, ಜಗಲಿಯ ಈಸಿ ಚೇರಿನ ಮರದ ತೋಳಿನ ಮೇಲೆ ಮಧ್ಯಾಹ್ನದ ನಿದ್ದೆ. ಕಿಟಕಿಯಲ್ಲಿ ಒತ್ತಡದ ಜೊತೆಗೆ ಕುಲುಕಾಟವೂ ಸೇರುತ್ತದೆ. ದಿನಾ ಕುಂದಾಪುರದಿಂದ ಮಂಗಳೂರಿಗೆ ಹೋಗಿ ಬರುವವರು ಕೈಯನ್ನು ಮಡಿಲಲ್ಲಿ ಬ್ಯಾಗಿನ ಮೇಲಿಡುವುದು ಒಳ್ಳೆಯದು.

ಬೀಡಿ-ಸಿಗರೇಟು ಸೇದುವವರಲ್ಲಿ ಮೊಣಕೈಯ ಈ ತೊಂದರೆ ಹೆಚ್ಚು ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ನರಕ್ಕೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳನ್ನು ನಿಕೋಟಿನ್ ಸಂಕುಚಿಸುವುದು ಒಂದು ಕಾರಣ ಇರಬಹುದು. ಕುತ್ತಿಗೆಯ ಡಿಸ್ಕ್ ಬೇಗ ಸವೆಯುವುದಕ್ಕೂ ಧೂಮಪಾನದ ಸಂಬಂಧ ಉಂಟು.

ರಾತ್ರಿಗೆ ಖರ್ಚಿಲ್ಲದ ಉಪಾಯ: ದಪ್ಪ ಬೈರಾಸನ್ನು (ಟವೆಲ್) ಉದ್ದಕ್ಕೆ ಮಡಚಿ, ಮೊಣಕೈಯ ಮುಂಭಾಗಕ್ಕೆ (ಮಡಿಕೆ ಬೀಳುವ ಕಡೆಗೆ) ದಪ್ಪ ಬರುವಂತೆ ಸುತ್ತಿ, ಮೇಲೆ-ಕೆಳಗೆ ಎರಡು ಕಡೆ ಸಡಿಲವಾಗಿ ಬಟ್ಟೆಪಟ್ಟಿ ಕಟ್ಟಿ. ಗಂಟು ಒಳಬದಿಯ ಎಲುಬಿನ ಮೇಲೆ ಬರಬಾರದು. ಕೈ ಪೂರ್ತಿ ಚಾಚಿ ಬಿಗಿಯುವುದೂ ಬೇಡ. 30ರಿಂದ 45 ಡಿಗ್ರಿ ಬಾಗಿದ್ದರೆ ಸಾಕು, ನಿದ್ದೆಯೂ ಬರುತ್ತದೆ.

ಮನೆಯಲ್ಲೇ ನೋಡಬಹುದಾದ ಎರಡು ಸಂಗತಿ. ಒಂದು, ಬಸ್ ಟಿಕೆಟ್‌ನಂಥ ಕಾಗದವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಬದಿಯ ನಡುವೆ ಹಿಡಿಯಲಿ, ಇನ್ನೊಬ್ಬರು ಎಳೆಯಲಿ. ಹಿಡಿದುಕೊಳ್ಳಲು ಹೆಬ್ಬೆರಳಿನ ತುದಿಯ ಗೆಣ್ಣು ಬಾಗುತ್ತಿದ್ದರೆ ಅಲ್ನಾರ್ ಸ್ನಾಯು ಸೋತಿದೆ ಎಂದರ್ಥ. ಎರಡು, ಕೈಯ ಹಿಂಬದಿಯಲ್ಲಿ ಹೆಬ್ಬೆರಳು-ತೋರುಬೆರಳ ನಡುವಿನ ಮಾಂಸ ಗುಳಿ ಬಿದ್ದಿದೆಯೇ, ಇನ್ನೊಂದು ಕೈಗೆ ಹೋಲಿಸಿ. ಗುಳಿ ಕಂಡರೆ ಬೈರಾಸಿನ ಉಪಚಾರದಲ್ಲಿ ದಿನ ಕಳೆಯಬೇಡಿ. ತುಂಡಾದ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಮೊಣಕೈಯಿಂದ ಅಂಗೈಯ ಸ್ನಾಯುವಿಗೆ 25 ಸೆಂ.ಮೀ. ಅಂದರೂ 250 ದಿನ, ಎಂಟು ತಿಂಗಳು. ಅಷ್ಟರೊಳಗೆ ಸ್ನಾಯು ಸೊರಗಿ ಹೋಗುತ್ತದೆ.

ಇನ್ನೊಂದು ಮಾತು ಹಾಳೆಯಲ್ಲಿ ಬರಲೇಬೇಕು. ನಮ್ಮ ದೇಶದಲ್ಲಿ ಅಲ್ನಾರ್ ನರದ ತೊಂದರೆ ಎಂದಾಗ ಕುಷ್ಠರೋಗವನ್ನು ಮರೆಯುವ ಹಾಗಿಲ್ಲ. ಮೊಣಕೈಯ ಮೇಲ್ಭಾಗದಲ್ಲಿ ನರ ಹಗ್ಗದ ಹಾಗೆ ದಪ್ಪಗೆ ಕೈಗೆ ಸಿಗುವುದು, ಮೈಮೇಲೆ ಎಲ್ಲಾದರೂ ಬಣ್ಣ ಮಾಸಿದ, ಮುಟ್ಟಿದರೆ ಗೊತ್ತಾಗದ ಮಚ್ಚೆ: ಇವು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮದ್ದು ಸರಕಾರದಿಂದ ಉಚಿತ, ವಿಧ ನೋಡಿ 6 ಅಥವಾ 12 ತಿಂಗಳು. ಬೇಗ ಶುರು ಮಾಡಿದರೆ ಬೆರಳು ಮಡಚಿಕೊಳ್ಳುವ ಹಂತಕ್ಕೆ ಹೋಗುವುದಿಲ್ಲ. ಹೆಸರು ಬರೆಯಲಿಕ್ಕೆ ನಾಚಿಕೆ ಎಂದು ಬಿಟ್ಟುಬಿಡಬೇಡಿ.

---

ಪಡುಬಿದ್ರೆ ಬದಿಯವಳು

ಬೈರಾಸು, ತಗಡು ಎರಡೂ ಹಾಳೆಗೆ ಹೋಯಿತು. ಇನ್ನು ನಾಲ್ಕು ಸಂಶಯ. ಸ್ಪ್ಲಿಂಟನ್ನು ಹಗಲು ಕಟ್ಟಿಕೊಂಡೇ ಬೀಡಿ ಕಟ್ಟಬಹುದಾ? ಬಿಗಿ ಬಳೆಯಿಂದ ನರಕ್ಕೆ ತೊಂದರೆ ಉಂಟಾ? ತಲೆಯ ಮೇಲೆ ಮೀನಿನ ಬುಟ್ಟಿ ಹೊರುವವರ ಕೈ ಜುಮ್ಮೆಂದರೆ? ಮತ್ತೆ ತೋಟದಲ್ಲಿ ಹುಲ್ಲು ತೆಗೆಯುವ ಮೆಷಿನ್ ಹಿಡಿಯುವ ಗಂಡಸರಿಗೆ ಎಂತ ಬರೆಯುವುದು?

---

ಮಣಿಕಟ್ಟು ಫಿಸಿಯೋ, ಮಣಿಪಾಲ

ಹಗಲು ಕಟ್ಟುವುದು ಬೇಡ. ಕೆಲಸ ಮಣಿಕಟ್ಟನ್ನು ಬಾಗಿಸು ಎನ್ನುತ್ತದೆ, ಸ್ಪ್ಲಿಂಟ್ ಬಾಗಿಸಬೇಡ ಎನ್ನುತ್ತದೆ. ಆ ಜಗಳದಲ್ಲಿ ಬೆರಳು ಹೆಚ್ಚು ಬಲ ಹಾಕಬೇಕಾಗುತ್ತದೆ, ಭುಜ ಎತ್ತಿ ಕೆಲಸ ಮಾಡುತ್ತಾರೆ, ಸಂಜೆಗೆ ಭುಜವೂ ನೋವು. ಕ್ರೇಪ್ ಬ್ಯಾಂಡೇಜು ಬಿಗಿಯಾಗಿ ಸುತ್ತಿಕೊಳ್ಳುವುದಂತೂ ಒತ್ತಡದ ಮೇಲೆ ಒತ್ತಡ.

ಬಳೆ: ಆಡುವ ಬಳೆಯಿಂದ ಏನೂ ಇಲ್ಲ. ಬಿಗಿ ಕಡಗ, ಕೈಗಡಿಯಾರದ ಬಿಗಿ ಪಟ್ಟಿ, ಕೂದಲಿನ ರಬ್ಬರ್ ಬ್ಯಾಂಡನ್ನು ಮಣಿಕಟ್ಟಿಗೆ ಹಾಕಿ ಮರೆಯುವುದು, ಇವು ಹೆಬ್ಬೆರಳ ಕಡೆಯ ಎಲುಬಿನ ಮೇಲೆ ಹಾಯುವ ರೇಡಿಯಲ್ ನರದ ಚರ್ಮದ ಕವಲನ್ನು ಒತ್ತುತ್ತವೆ. ಹೆಬ್ಬೆರಳಿನ ಹಿಂಬದಿ ಉರಿ, ಜೋಮು. ಬಲ ಮಾತ್ರ ಕಮ್ಮಿಯಾಗುವುದಿಲ್ಲ, ಯಾಕೆಂದರೆ ಆ ಕವಲಿನಲ್ಲಿ ಸ್ನಾಯುವಿಗೆ ಹೋಗುವ ಎಳೆ ಇಲ್ಲ. ತೆಗೆದಿಟ್ಟರೆ ನಿಧಾನಕ್ಕೆ ಸರಿಹೋಗುತ್ತದೆ. ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ ಕೈ ಊದಿಕೊಳ್ಳುವುದರಿಂದ ಸೀಮಂತಕ್ಕೆ ತೊಡಿಸಿದ ಬಳೆ ಬಿಗಿಯಾಗಬಹುದು, ಅದನ್ನು ನೋಡಿಕೊಳ್ಳಿ. ಅದೇ ಊತದಿಂದ ಮಣಿಕಟ್ಟಿನ ಮೀಡಿಯನ್ ನರವೂ ಒತ್ತಲ್ಪಡುತ್ತದೆ. ಹೆರಿಗೆಯ ನಂತರ ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ, ಅಲ್ಲಿಯವರೆಗೆ ರಾತ್ರಿ ಸ್ಪ್ಲಿಂಟ್ ಸಾಕು.

ತಲೆಹೊರೆ: ಇದು ಕುತ್ತಿಗೆಯ ವಿಷಯ. ಹೊರೆಗಿಂತಲೂ ಎತ್ತುವ-ಇಳಿಸುವ ಕ್ಷಣ ಕೆಟ್ಟದು, ಕುತ್ತಿಗೆ ತಿರುಚಿ ಒಂದೇ ಕೈಯಲ್ಲಿ ಬುಟ್ಟಿ ಕೆಳಗಿಡುವುದು. ಇಬ್ಬರು ಸೇರಿ ಇಳಿಸಲಿ. ತಲೆ ಹಿಂದಕ್ಕೆ ಮಾಡಿ ನೋವಿನ ಬದಿಗೆ ವಾಲಿಸಿದಾಗ ಭುಜದಿಂದ ಬೆರಳಿಗೆ ಮಿಂಚಿನ ಹಾಗೆ ಇಳಿದರೆ, ಕೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡರೆ ಸುಖವೆನಿಸಿದರೆ, ಕುತ್ತಿಗೆಯ ನರದ ಬುಡ ಎಂದು ತಿಳಿಯಬೇಕು. ಹೆಬ್ಬೆರಳಾದರೆ ಆರನೆಯ ನರ, ನಡುಬೆರಳಾದರೆ ಏಳನೆಯದು, ಕಿರುಬೆರಳಾದರೆ ಎಂಟನೆಯದು. ಕುತ್ತಿಗೆ ಲಟಕ್ಕನೆ ತಿರುಗಿಸಿ ಸರಿಮಾಡುತ್ತೇನೆ ಎನ್ನುವವರ ಹತ್ತಿರ ಮಾತ್ರ ಹೋಗಬೇಡಿ ಮಾರಾಯ್ರೆ.

ಮೀನು ಕತ್ತರಿಸುವವರಿಗೆ ಒಂದು ಸಾಲು ಸೇರಿಸಿ. ಮಂಜುಗಡ್ಡೆಯಲ್ಲಿ ಕೈ ಮರಗಟ್ಟಿದಾಗ ಎಷ್ಟು ಬಿಗಿಯಾಗಿ ಹಿಡಿದಿದ್ದೇವೆ ಎಂಬುದೇ ಗೊತ್ತಾಗುವುದಿಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಹಿಂಡುತ್ತಾರೆ. ದಪ್ಪ ಗ್ಲೌಸೂ ಅದನ್ನೇ ಮಾಡುತ್ತದೆ. ಕೈಗೆ ಸರಿಯಾದ ಅಳತೆಯ ತೆಳು ಗ್ಲೌಸು, ಜಾರದ ದಪ್ಪ ಹಿಡಿಯ ಚೂರಿ. ಬೂತಾಯಿ, ಬಂಗುಡೆಯನ್ನು ಐಸಿನಿಂದ ಹತ್ತು ಹತ್ತಾಗಿ ಹೊರಗೆ ತೆಗೆದಿಟ್ಟು ಕತ್ತರಿಸಿದರೆ ಕೈ ಐಸಿನೊಳಗೆ ಇರುವ ಹೊತ್ತು ಕಮ್ಮಿಯಾಗುತ್ತದೆ.

---

ತೋಟದ ಮೆಷಿನ್ ರಿಪೇರಿ, ಕಾರ್ಕಳ

ಹುಲ್ಲಿನ ಮೆಷಿನಿನದ್ದು ಹೇಳ್ತೇನೆ. ಅಲ್ಲಿ ವೈರಿ ಎರಡು, ಅದುರುವಿಕೆ ಮತ್ತು ಬಿಗಿ ಹಿಡಿತ. ಬಿಗಿ ಹಿಡಿದಷ್ಟೂ ಅದುರು ಕೈಯೊಳಗೆ ಹೆಚ್ಚು ಇಳೀತದೆ.

ಯುರೋಪಿನಲ್ಲಿ 2002ರ ನಿಯಮದ ಪ್ರಕಾರ 8 ಗಂಟೆಯ ಸರಾಸರಿ ಅದುರು 2.5 ಮೀ/ಸೆ² ದಾಟಿದ್ರೆ ಮಾಲಿಕರು ಕ್ರಮ ತಗೊಳ್ಳಬೇಕು, 5 ದಾಟಲೇಬಾರದು. ಒಳ್ಳೆ ಕಂಪನಿಯ ಮೆಷಿನಿನ ಪುಸ್ತಕದಲ್ಲಿ ಹಿಡಿಕೆಯ ಅದುರು ಬರೆದಿರ್ತದೆ. ಲೆಕ್ಕ ಹೀಗೆ: ಅದುರು ಎರಡು ಪಟ್ಟಾದ್ರೆ ಸಮಯ ಕಾಲು ಪಾಲಿಗೆ ಇಳೀತದೆ. 5 ಇರುವ ಮೆಷಿನಲ್ಲಿ 2 ಗಂಟೆಗೆ ಆ ಮೊದಲ ಗೆರೆ ಮುಟ್ಟಿತು. 10 ಇದ್ರೆ ಅರ್ಧ ಗಂಟೆಗೇ ಮುಟ್ಟಿತು, 2 ಗಂಟೆಗೆ ಕೊನೆಯ ಗೆರೆ. ಪುಸ್ತಕದ ಅಂಕಿ ಹೊಸ ಮೆಷಿನಿನದ್ದು ಎಂಬುದು ನೆನಪಿರಲಿ. ಹಳೆಯದ್ರಲ್ಲಿ ಜಾಸ್ತಿಯೇ.

ಜಾಸ್ತಿಯಾಗುವುದು ಎಲ್ಲಿಂದ? ಹಲ್ಲು ಮುರಿದ ಬ್ಲೇಡು. ನೈಲಾನ್ ದಾರ ಒಂದು ಬದಿ ಉದ್ದ, ಒಂದು ಬದಿ ಗಿಡ್ಡ. ಇಂಜಿನಿನ ಮತ್ತು ಹಿಡಿಕೆಯ ರಬ್ಬರ್ ಬುಷ್ ಗಟ್ಟಿಯಾಗಿ ಬಿರುಕು ಬಿಟ್ಟದ್ದು. ಬುಷ್ ಒತ್ತಿದ್ರೆ ಮೆತ್ತಗಿರಬೇಕು, ಕಲ್ಲಿನ ಹಾಗಿದ್ರೆ ಬದಲಿಸಿ, ದೊಡ್ಡ ಖರ್ಚಲ್ಲ. ಭುಜದ ಪಟ್ಟಿಯನ್ನು ಮೆಷಿನ್ ತೂಗಿ ನಿಲ್ಲುವ ಹಾಗೆ ಕಟ್ಟಿ. ಎರಡೂ ಕೈ ಬಿಟ್ರೆ ಬ್ಲೇಡು ನೆಲದಿಂದ ಗೇಣು ಮೇಲೆ ಸಮನಾಗಿ ನಿಲ್ಲಬೇಕು. ಆಗ ಕೈಗೆ ಹೊರುವ ಕೆಲಸ ಇಲ್ಲ, ತಿರುಗಿಸುವ ಕೆಲಸ ಮಾತ್ರ. ಒಂದು ಟ್ಯಾಂಕು ಪೆಟ್ರೋಲು ಮುಗಿದ ಮೇಲೆ ಇನ್ನೊಬ್ಬರ ಕೈಗೆ ಕೊಡಿ. ಕೆಂಪುಕಲ್ಲಿನ ಕೋರೆಯವರಿಗೂ ಕಾಂಕ್ರೀಟು ಒಡೆಯುವವರಿಗೂ ಇದೇ ಲೆಕ್ಕ.

ಚಳಿದೇಶದಲ್ಲಿ ಇದರಿಂದ ಬೆರಳು ಬೆಳ್ಳಗಾಗ್ತದೆ ಅಂತ ಬರೆದಿರ್ತಾರೆ. ನಮ್ಮ ಸೆಕೆಯಲ್ಲಿ ಬೆಳ್ಳಗಾಗುವುದು ಅಪರೂಪ, ಜುಮ್ಮೆನ್ನುವುದೇ ಮೊದಲ ಗುರುತು. ಮೆಷಿನ್ ಆಫ್ ಮಾಡಿ ಎಷ್ಟು ಹೊತ್ತು ಜುಮ್ ಇರ್ತದೆ ನೋಡಿ. ನಿಮಿಷಗಳಲ್ಲಿ ಹೋಗುವುದು ಬೇರೆ, ರಾತ್ರಿಯವರೆಗೂ ಉಳಿಯುವುದು ಬೇರೆ.

ಸ್ಕೂಟರು-ಬೈಕಿನದ್ದೂ ಸ್ವಲ್ಪ ಹಾಕಿ. ಸವಾರಿ ಮುಗಿದ ಮೇಲೆ ಕಿರುಬೆರಳು ಜುಮ್ಮೆಂದು ಕೈಯ ಹಿಂಬದಿ ಸರಿ ಇದ್ರೆ ಒತ್ತಡ ಅಂಗೈಯ ಬುಡದ್ದು, ಮೊಣಕೈಯದ್ದಲ್ಲ. ಸೀಟು ಮುಂದಕ್ಕೆ ಜಾರುವ ಹಾಗಿದ್ರೆ ಮೈಭಾರ ಎಲ್ಲ ಅಂಗೈಗೆ. ಬ್ರೇಕ್ ಮತ್ತು ಕ್ಲಚ್ ಲಿವರ್ ಸಡಿಲಿಸಿ, ಕೂತಾಗ ಮುಂಗೈ-ಮಣಿಕಟ್ಟು-ಬೆರಳು ಒಂದೇ ಗೆರೆಯಲ್ಲಿ ಬರುವಷ್ಟು ಕೆಳಗೆ ತಿರುಗಿಸಿ ಬಿಗಿ ಮಾಡಿ. ಟಯರಿನ ಗಾಳಿ ಜಾಸ್ತಿ ಬೇಡ. ಕೇಬಲಿಗೆ ಎಣ್ಣೆ ಬಿಡದೆ ಗಟ್ಟಿಯಾದ ಕ್ಲಚ್ಚು ಸಿಟಿ ಟ್ರಾಫಿಕ್ಕಿನಲ್ಲಿ ಕೈ ಮುರೀತದೆ, ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಎಣ್ಣೆ ಬಿಡಿ.

---

ಜನರಲ್ ಪ್ರ್ಯಾಕ್ಟೀಸ್, ಉಡುಪಿ

ಒಂದೇ ತಡ್ಪೆಯ ಸುತ್ತ ಕೂತ ನಾಲ್ವರಲ್ಲಿ ಒಬ್ಬಳಿಗೆ ಮಾತ್ರ ಕೈ ಜೋಮು ಹಿಡಿಯುವುದು ಯಾಕೆ? ಕೆಲಸ ಒಂದೇ, ಮೈ ಬೇರೆ. ಹಾಳೆಯ ಅರ್ಧ ಭಾಗ ಇದಕ್ಕೆ ಕೊಡಿ.

ತೂಕ: ಸ್ಥೂಲಕಾಯದವರಿಗೆ ಮಣಿಕಟ್ಟಿನ ತೊಂದರೆ ಸುಮಾರು ಎರಡು ಪಟ್ಟು. ನಮ್ಮವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23ರಿಂದಲೇ ಹೆಚ್ಚು ತೂಕ, 25ರಿಂದ ಬೊಜ್ಜು. 155 ಸೆಂ.ಮೀ. ಎತ್ತರದ ಹೆಂಗಸಿಗೆ ಲೆಕ್ಕ ಹಾಕಿದರೆ 55 ಮತ್ತು 60 ಕಿಲೋ.

ಸಕ್ಕರೆ ಕಾಯಿಲೆ: ಸಕ್ಕರೆ ಹೆಚ್ಚಿದ್ದಾಗ ನರವೂ ದುರ್ಬಲ, ಸ್ನಾಯುರಜ್ಜೂ ದಪ್ಪ. ಹಾಗಾಗಿ ಇತರರಿಗೆ ತೊಂದರೆ ಕೊಡದ ಒತ್ತಡ ಇವರಿಗೆ ತೊಂದರೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 6.5 ಅಥವಾ ಹೆಚ್ಚು ಬಂದರೆ ಕಾಯಿಲೆ, 5.7ರಿಂದ 6.4 ಹೊಸ್ತಿಲು. ಕುಚ್ಚಲಕ್ಕಿ ಗಂಜಿಗೆ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ಕರಾವಳಿಯಲ್ಲಿ ಬಲವಾಗಿದೆ. ಬಿಳಿ ಅನ್ನಕ್ಕಿಂತ ನಿಧಾನ, ಅಷ್ಟೇ. ಬಟ್ಟಲಿನ ಅಳತೆ ಲೆಕ್ಕಕ್ಕೆ ಬರುತ್ತದೆ.

ಥೈರಾಯಿಡ್: ಕಡಿಮೆ ಕೆಲಸ ಮಾಡಿದರೆ ಮಣಿಕಟ್ಟಿನ ಸಂದಿನಲ್ಲಿ ಊತ ಸೇರುತ್ತದೆ. ಎರಡೂ ಕೈಗೆ ಒಟ್ಟಿಗೆ ಬಂದ ಹೆಂಗಸರಲ್ಲಿ ಟಿಎಸ್‌ಎಚ್ (ಥೈರಾಯಿಡಿನ ರಕ್ತ ಪರೀಕ್ಷೆ) ನೋಡದೆ ಮುಂದೆ ಹೋಗಬಾರದು.

ಬಿ12: ಮೀನು-ಮೊಟ್ಟೆ ಇಲ್ಲದ ಮನೆಯವರಿಗೆ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆಯ ಮಾತ್ರೆ) ಅಥವಾ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಿಗೆ ಕೊರತೆಯ ಸಂಭವ ಹೆಚ್ಚು. ರಕ್ತದಲ್ಲಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಚಿಕಿತ್ಸೆ ಬೇಕು. ಆದರೆ ಒಂದೇ ಕೈಯ ಎರಡೇ ಬೆರಳಿಗೆ ಬಿ12 ಕೊರತೆ ಬರುವುದಿಲ್ಲ. ಅದು ಪಾದದಿಂದ, ಎರಡೂ ಬದಿ ಸಮನಾಗಿ ಶುರುವಾಗುವಂಥದ್ದು. ಹಾಗಾಗಿ ಎಲ್ಲ ಜೋಮಿಗೂ ಬಿ ಕಾಂಪ್ಲೆಕ್ಸ್ ಎಂಬುದು ಗುರಿಯಿಲ್ಲದ ಕಲ್ಲು. ತಪ್ಪು ಕಡೆ ಬಿದ್ದರೆ ಅಪಾಯವೂ ಇದೆ. ಮಾತ್ರೆಯ ಪಟ್ಟಿಯಲ್ಲಿ ಪಿರಿಡಾಕ್ಸಿನ್ (ಬಿ6) ಎಷ್ಟಿದೆ ನೋಡಿ. ದಿನದ ಅಗತ್ಯ ಸುಮಾರು 2 ಮಿ.ಗ್ರಾಂ. 100 ಮಿ.ಗ್ರಾಂ. ಮಾತ್ರೆಯನ್ನು ತಾವಾಗಿಯೇ ತಿಂಗಳುಗಟ್ಟಲೆ ನುಂಗಿದರೆ ಅದರಿಂದಲೇ ನರ ಕೆಡಬಹುದು.

ಮದ್ಯ: ದೀರ್ಘಕಾಲದ ಕುಡಿತ ಪಾದದ ನರದಿಂದ ಶುರು ಮಾಡುತ್ತದೆ. ಒಂದೇ ರಾತ್ರಿಯ ಕುಡಿತ ಕೈಯ ನರವನ್ನು ಹಿಡಿಯುವ ರೀತಿ ಬೇರೆ. ಮೆಹಂದಿಯ ರಾತ್ರಿ ಅತಿಯಾಗಿ ಕುಡಿದು, ಪ್ಲಾಸ್ಟಿಕ್ ಕುರ್ಚಿಯ ಬೆನ್ನಿನ ಮೇಲಿಂದ ತೋಳು ಇಳಿಬಿಟ್ಟು ನಿದ್ದೆ ಹೋದರೆ ತೋಳಿನ ಎಲುಬಿಗೆ ಅಂಟಿಕೊಂಡು ಸಾಗುವ ರೇಡಿಯಲ್ ನರ ಜಜ್ಜಿಹೋಗುತ್ತದೆ. ಅಮಲಿಲ್ಲದವರಿಗೆ ಜೋಮು ಬಂದ ಕೂಡಲೇ ಎಚ್ಚರವಾಗುತ್ತದೆ, ಇವರಿಗೆ ಆಗುವುದಿಲ್ಲ. ಬೆಳಿಗ್ಗೆ ಮಣಿಕಟ್ಟು ಮೇಲೆತ್ತಲಾಗದೆ ಜೋತುಬಿದ್ದಿರುತ್ತದೆ. ಹೆಚ್ಚಿನವರಿಗೆ ಎರಡು ಮೂರು ತಿಂಗಳಲ್ಲಿ ವಾಪಸು ಬರುತ್ತದೆ. ಅಲ್ಲಿಯವರೆಗೆ ಮಣಿಕಟ್ಟನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್ ಬೇಕು, ಇಲ್ಲಿ ಹಗಲಿಗೂ.

ಆದರೆ ಮಣಿಕಟ್ಟು ಬಿದ್ದದ್ದು ನರದ್ದೋ ಪಾರ್ಶ್ವವಾಯುವಿನದ್ದೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ. ಹಠಾತ್ತನೆ ಕೈ ಸೋತು, ಬಾಯಿ ಒಂದು ಬದಿಗೆ ಸೊಟ್ಟಗಾದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಬೇಕು. ಎಡಗೈ ನೋವಿನ ಜೊತೆ ಎದೆ ಭಾರ, ಬೆವರು ಇದ್ದರೂ ಹಾಗೆಯೇ. ತಡೆದುಕೊಂಡು ನೋಡಬಾರದ ಇನ್ನೆರಡು: ಎರಡೂ ಕೈಯಲ್ಲಿ ಗುಂಡಿ ಹಾಕಲು ತಡವರಿಸುವುದರ ಜೊತೆ ನಡಿಗೆ ತೂರಾಡುವುದು, ಇದು ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿದ ಲಕ್ಷಣ. ಮತ್ತು ಧೂಮಪಾನಿಗಳಲ್ಲಿ ಭುಜದಿಂದ ಕಿರುಬೆರಳ ಕಡೆಗೆ ಇಳಿಯುವ, ರಾತ್ರಿಯೂ ಬಿಡದ ನೋವು, ತೂಕ ಇಳಿತ, ಅದೇ ಬದಿಯ ರೆಪ್ಪೆ ಜೋಲುವುದು. ಅದಕ್ಕೆ ಎದೆಯ ಎಕ್ಸ್‌ರೇ ತಕ್ಷಣ ಬೇಕು, ಶ್ವಾಸಕೋಶದ ತುದಿಯ ಗಡ್ಡೆ ಹೀಗೆ ತೋರಿಸಿಕೊಳ್ಳುತ್ತದೆ.

ಎಣ್ಣೆ ಹಚ್ಚುವುದಕ್ಕೆ ಅಡ್ಡಿಯಿಲ್ಲ, ಮೊಣಕೈಯ ಒಳಬದಿಯನ್ನು ಅದುಮಿ ತಿಕ್ಕದಿದ್ದರೆ ಸರಿ. ಬಿಸಿನೀರಿನ ಶಾಖ ಕೊಡುವವರು ನೀರಿನ ಬಿಸಿಯನ್ನು ಸ್ಪರ್ಶ ಸರಿಯಿರುವ ಕೈಯಿಂದ ನೋಡಬೇಕು. ಮರಗಟ್ಟಿದ ಬೆರಳಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೆ ತಿಳಿಯುತ್ತದೆ.

---

ಪಡುಬಿದ್ರೆ ಬದಿಯವಳು

ಎಲ್ಲರಿಗೂ ಉಪಕಾರ. ಒಂದು ಪುಟ ಹೋಗಿ ಎರಡಾಗುವ ಹಾಗೆ ಕಾಣ್ತದೆ. ಕಡೆಗೆ ಒಂದು: ಪರೀಕ್ಷೆಗೆ ಎಲ್ಲಿಗೆ ಹೋಗಬೇಕು, ಕರೆಂಟು ಕೊಡ್ತಾರೆ ಎಂದು ತುಂಬಾ ಜನ ಹೆದರ್ತಾರೆ, ಅದಕ್ಕೆ ಎಂತ ಬರೆಯುವುದು?

---

ನರ ಪರೀಕ್ಷೆ ಟೆಕ್ನೀಷಿಯನ್, ಮಂಗಳೂರು

ಮೊದಲು ತೋರಿಸಲಿಕ್ಕೆ ಮಂಗಳೂರಿನವರಿಗೆ ವೆನ್ಲಾಕ್ ಸರಕಾರಿ ಆಸ್ಪತ್ರೆ, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮೂಳೆ ಅಥವಾ ಮೆಡಿಸಿನ್ ಹೊರರೋಗಿ ವಿಭಾಗ. ನರ ಪರೀಕ್ಷೆ ಬೇಕೋ ಬೇಡವೋ ಅವರು ಹೇಳುತ್ತಾರೆ. ಎಲ್ಲರಿಗೂ ಬೇಕಾಗುವುದಿಲ್ಲ.

ಕೊಡುವುದು ಸಣ್ಣ ಮಿಡಿತ. ರಬ್ಬರ್ ಬ್ಯಾಂಡು ಎಳೆದು ಬಿಟ್ಟ ಹಾಗೆ ಚುರುಕ್ ಅನ್ನುತ್ತದೆ, ಬೆರಳು ತಾನಾಗಿ ಕುಣಿಯುತ್ತದೆ, ಸಾಮಾನ್ಯವಾಗಿ ಅರ್ಧ-ಮುಕ್ಕಾಲು ಗಂಟೆಯ ಕೆಲಸ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಬಳೆ, ಉಂಗುರ, ವಾಚು ಮನೆಯಲ್ಲೇ ತೆಗೆದಿಟ್ಟು ಬನ್ನಿ. ಊದಿದ ಬೆರಳಿನ ಉಂಗುರ ಅಲ್ಲಿ ಸೋಪು ಹಚ್ಚಿ ಎಳೆಯುವ ಹೊತ್ತಿಗೆ ಸರದಿ ದಾಟುತ್ತದೆ.

ಆ ದಿನ ಬೆಳಿಗ್ಗೆ ಕೈಗೆ ತೆಂಗಿನೆಣ್ಣೆ ಹಚ್ಚಬೇಡಿ. ಎಣ್ಣೆ ಇದ್ದರೆ ಎಲೆಕ್ಟ್ರೋಡು ಅಂಟುವುದಿಲ್ಲ, ಗೆರೆ ಅಡ್ಡಾದಿಡ್ಡಿ ಬರುತ್ತದೆ. ಕೈ ತಣ್ಣಗಿರಲೂಬಾರದು. ಚರ್ಮದ ಬಿಸಿ 32 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಸರಿಯಾದ ನರವೂ ನಿಧಾನವೆಂದು ತೋರುತ್ತದೆ, ಇಲ್ಲದ ರೋಗ ಇದೆ ಎಂದು ಬರುತ್ತದೆ. ಮಳೆಯಲ್ಲಿ ನೆನೆದು ಬಂದು ಎಸಿ ಕೋಣೆಯಲ್ಲಿ ಕಾದು ಕೂತವರಲ್ಲಿ ಹೀಗಾಗುವುದು ಸಹಜ. ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು, ಒರೆಸಿ, ಬೈರಾಸಿನಲ್ಲಿ ಸುತ್ತಿಕೊಂಡು ಒಳಗೆ ಬರಲಿ. ನೀರು ಬೇಕು ಎಂದು ಕೇಳಿದರೆ ಸಾಕು, ಕೊಡುತ್ತಾರೆ.